ಬಳಿಯಿಲ್ಲದ ಹುಡುಗಿ

ಗುಂಡು ಹಾರಿಸಿದ್ದು ಕಾಗೆಗೆ. ಬಿದ್ದವನು ಮನುಷ್ಯ.

ಬೆಳಗಿನ ಮಂಜು ಹೊಳೆಯಿಂದೆದ್ದು ಮುಸುಕಿನ ಜೋಳದ ಹೊಲದ ಮೇಲೆ ಕವಿದಿತ್ತು. ಹೊಲದ ನಡುವಿನ ಅಟ್ಟಣೆಯ ಮೇಲೆ ಹದಿಮೂರು ವರ್ಷದ ಸಲೋಲಿ ಕಾಗೆ ಕಾಯುತ್ತ ಕುಳಿತಿದ್ದಳು. ಆ ಕೆಲಸ ಮುದುಕಿಯರದ್ದು. ಆವತ್ತು ಅಜ್ಜಿಗೆ ಮಂಡಿ ಹಿಡಿದುಕೊಂಡಿತ್ತೆಂದು ಮೊಮ್ಮಗಳು ಹತ್ತಿದಳು. ಸುಮ್ಮನೆ ಹತ್ತಿದ್ದರೆ ಆಗುತ್ತಿತ್ತು, ಅಪ್ಪನ ಬಂದೂಕನ್ನೂ ಹೊತ್ತು ಹತ್ತಿದಳು. ದಂಟುಗಳ ನಡುವೆ ಏನೋ ಸರಸರ ಎಂದಿತು, ಕಾಗೆಗಳು ಒಟ್ಟಿಗೇ ಮೇಲೆದ್ದವು, ಹುಡುಗಿ ಬಂದೂಕಿನ ಕುದುರೆ ಎಳೆದಳು.

ಅವಳ ತಾಯಿ ಕೆಜಾಯ ಮನೆಯ ಮುಂದೆ ಮರದ ಒರಳಿನಲ್ಲಿ ಜೋಳ ಕುಟ್ಟುತ್ತಿದ್ದಳು. ಸದ್ದು ಕೇಳಿ, "ಇವತ್ತು ನಿಮ್ಮ ಮೊಮ್ಮಗಳು ಕಾಗೆ ಸಾರು ಮಾಡಿಸ್ತಾಳೆ ನೋಡಿ ಅತ್ತೆ," ಎಂದು ನಕ್ಕಳು. ಆ ನಗು ಮುಗಿಯುವಷ್ಟರಲ್ಲಿ ಹೊಲದಿಂದ ಕೂಗು ಬಂತು. ಗಂಡಸಿನ ಕೂಗು. ಕೆಜಾಯ ಒನಕೆ ಬಿಸಾಡಿ ಓಡಿದಳು.

ಚಿಸ್ತು ಅಂಗಾತ ಬಿದ್ದಿದ್ದ. ಚಿಸ್ತು ಎಂದರೆ ಮೊಲ. ಇಪ್ಪತ್ತು ವರ್ಷದ, ಯಾವಾಗಲೂ ಹಸಿದಿರುವ, ಯಾರ ಮನೆಯ ಮಡಕೆಗಾದರೂ ಕೈ ಹಾಕಿ ಬೈಸಿಕೊಂಡು ನಗುವ ಹುಡುಗನಿಗೆ ಊರೇ ಇಟ್ಟ ಹೆಸರು. ಕುತ್ತಿಗೆಯ ಕೆಳಗೆ ಗುಂಡು ಹೊಕ್ಕಿತ್ತು. ಬಲಗೈಯಲ್ಲಿ ಎಳೆಯ ತೆನೆಯೊಂದಿತ್ತು, ಸಿಪ್ಪೆ ಸುಲಿದು ಎರಡು ಸಾಲು ಕಾಳು ಕಚ್ಚಿದ್ದ.

ಹೊಸ ತೆನೆಯ ಹಬ್ಬಕ್ಕೆ ಇನ್ನೂ ಹನ್ನೆರಡು ದಿನವಿತ್ತು. ಹಬ್ಬದ ಬೆಂಕಿ ಹೊತ್ತಿಸದೆ, ಮೊದಲ ಪಾಲು ಬೆಂಕಿಗೆ ಕೊಡದೆ ಹೊಸ ಕಾಳನ್ನು ಬಾಯಿಗೆ ಹಾಕುವವನು ನಮ್ಮಲ್ಲಿ ಮನುಷ್ಯನೇ ಅಲ್ಲ. ಅದಕ್ಕೇ ಅವನು ಮಂಜಿನಲ್ಲಿ ಬಗ್ಗಿಕೊಂಡು ಬಂದಿದ್ದ. ಹಾಳು ಹೊಟ್ಟೆ!

ಅತ್ತೆ ಅಯಸ್ತಾ ಕುಂಟುತ್ತ ಬಂದಳು. ಹೆಣದ ಮುಖ ನೋಡುವ ಮೊದಲು ಬಗ್ಗಿ ಆ ತೆನೆಯನ್ನು ಅವನ ಬೆರಳುಗಳಿಂದ ಬಿಡಿಸಿ ಹೊದ್ದ ಬಟ್ಟೆಯೊಳಗೆ ಅಡಗಿಸಿಕೊಂಡಳು.

"ನೀನು ಏನೂ ನೋಡಿಲ್ಲ," ಎಂದಳು ಸೊಸೆಗೆ.

"ನೋಡಿದೀನಿ ಅತ್ತೆ. ಕದ್ದು ತಿಂತಿದ್ದ."

"ನೋಡಿಲ್ಲ ಅಂದೆ! ಸತ್ತವನ ಮುಖಕ್ಕೆ ಮಸಿ ಬಳೀಬಾರ್ದು ಕಣೇ. ಊರಿಗೆಲ್ಲ ತಾನಾಗೇ ಗೊತ್ತಾಗುತ್ತೆ, ಯಾರೂ ಬಾಯಿ ಬಿಡಲ್ಲ. ನೀನೂ ಬಿಡ್ಬೇಡ. ಮೊದ್ಲು ಹುಡುಗೀನ ಕೆಳಗಿಳಿಸು."

ಸಲೋಲಿ ಅಟ್ಟಣೆಯ ಮೇಲೆ ಬಂದೂಕನ್ನು ತಬ್ಬಿ ಕುಳಿತಿದ್ದಳು. ಇಳಿಸಲು ಅವಳ ಒಂದೊಂದೇ ಬೆರಳು ಬಿಡಿಸಬೇಕಾಯಿತು.

ಕೆಜಾಯ ಈ ಊರಿಗೆ ಬಂದದ್ದು ಹದಿನೇಳನೆಯ ವಯಸ್ಸಿಗೆ. ಹೊಳೆಯಾಚೆ ಬಿಳಿಯರು ಕಾಡು ಕಡಿದು ಹೊಸದಾಗಿ ನೆಲೆ ನಿಂತ ಜಾಗದಲ್ಲಿ ಅವಳ ಮಲತಂದೆಯ ಹಿಟ್ಟಿನ ಗಿರಣಿಯಿತ್ತು. ಕುದುರೆ ಮಾರಲು ಹೋದ ಕನೂನನ ಕಣ್ಣಿಗೆ ಇವಳು ಬಿದ್ದಳೋ, ಇವಳ ಕಣ್ಣಿಗೆ ಅವನು ಬಿದ್ದನೋ, ಅಂತೂ ಮೂರನೆಯ ವ್ಯಾಪಾರಕ್ಕೆ ಕುದುರೆಯೂ ವಾಪಸು ಬಂತು, ಅದರ ಮೇಲೆ ಹುಡುಗಿಯೂ ಬಂದಳು. ಕಾಡಿನವರು ಮಗಳನ್ನು ಹೊತ್ತೊಯ್ದರೆಂದು ಮಲತಂದೆ ಊರೆಲ್ಲ ಅತ್ತನಂತೆ. ಸುಳ್ಳ! ಕೆಜಾಯ ತಾನೇ ಕುದುರೆ ಹತ್ತಿದ್ದು, ಹತ್ತಿ ಹಿಂತಿರುಗಿಯೂ ನೋಡಿರಲಿಲ್ಲ.

ನಮ್ಮಲ್ಲಿ ಗಂಡು ಹೆಂಡತಿಯ ಮನೆಗೆ ಹೋಗುತ್ತಾನೆ. ಮನೆ, ಹೊಲ, ಮಕ್ಕಳು ಎಲ್ಲ ಹೆಣ್ಣಿನದು. ಕೆಜಾಯಳಿಗೆ ಮನೆಯೆಲ್ಲಿತ್ತು? ಕನೂನ ತನ್ನ ತಾಯಿಯ ಮನೆಗೇ ಅವಳನ್ನು ಕರೆತಂದ. ಕನೂನ ಎಂದರೆ ಕಪ್ಪೆ. "ಕಪ್ಪೆ ಹೆಂಡ್ತಿ ಮನೆಗೆ ನೆಗೆಯೋ ಬದ್ಲು ಹೆಂಡ್ತೀನೇ ಬೆನ್ನ ಮೇಲೆ ಹೊತ್ಕೊಂಡು ಬಂತು," ಎಂದು ಊರು ನಕ್ಕಿತು. ಅಯಸ್ತಾ ನಗಲಿಲ್ಲ. ಬಂದ ಹುಡುಗಿಯ ಕೈ ಹಿಡಿದು ನೋಡಿ, "ಕೆಲಸ ಮಾಡಿದ ಕೈ, ಇರ್ಲಿ ಬಿಡು," ಎಂದಳು. ಅಂದಿನಿಂದ ಅವಳನ್ನು ಮಗಳಿಗಿಂತ ಹೆಚ್ಚಾಗಿ ನೋಡಿಕೊಂಡಳು.

ಆದರೆ ಪ್ರೀತಿ ಬೇರೆ, ಬಳಿ ಬೇರೆ. ಬಳಿ ಎಂದರೆ ಕುಲ, ಅದು ತಾಯಿಯಿಂದ ಬರುತ್ತದೆ. ತೋಳದ ಬಳಿ, ಜಿಂಕೆ ಬಳಿ, ಹಕ್ಕಿ ಬಳಿ ಎಂದು ಏಳು. ಊರ ಚಾವಡಿಗೂ ಏಳು ಮಗ್ಗುಲು, ಮಗ್ಗುಲಿಗೊಂದು ಬಳಿಯ ಜಗಲಿ. ಕೆಜಾಯಳ ತಾಯಿಗೆ ಬಳಿಯಿರಲಿಲ್ಲ, ಆದ್ದರಿಂದ ಕೆಜಾಯಳಿಗೂ ಇಲ್ಲ, ಸಲೋಲಿಗೂ ಇಲ್ಲ. ತಾಯಿ ಮಗಳು ಚಾವಡಿಯ ಬಾಗಿಲ ಬಳಿ ನೆಲದ ಮೇಲೆ ಚಾಪೆ ಹಾಸಿಕೊಂಡು ಕೂರುತ್ತಿದ್ದರು. ಹದಿನಾಲ್ಕು ವರ್ಷ ಅದು ಬರೀ ಕೂರುವ ಜಾಗದ ಮಾತಾಗಿತ್ತು.

ಈಗ ಜೀವದ ಮಾತಾಯಿತು. ರಕ್ತ ಬಿದ್ದರೆ ಸತ್ತವನ ಬಳಿಗೆ ಕೊಂದವನ ಬಳಿ ಹೊಣೆ. ಬೇಕೆಂದು ಕೊಂದರೂ ಅಷ್ಟೆ, ಕೈ ತಪ್ಪಿ ಕೊಂದರೂ ಅಷ್ಟೆ. ಎರಡು ಬಳಿಯ ಹಿರಿಯರು ಎದುರೆದುರು ಕೂತು ಮಾತಾಡಿ ಕುದುರೆ, ಬಟ್ಟೆ, ತೊಗಲು ಕೊಟ್ಟು ಮುಗಿಸಬಹುದು. ಮುಗಿಯದಿದ್ದರೆ ಜೀವಕ್ಕೆ ಜೀವ. ಕೊಂದವನದೇ ಆಗಬೇಕೆಂದಿಲ್ಲ, ಆ ಬಳಿಯ ಯಾರದ್ದಾದರೂ ಆದೀತು. ಆದರೆ ಕೊಂದವಳಿಗೆ ಬಳಿಯೇ ಇಲ್ಲದಿದ್ದರೆ? ಮಾತಾಡಲು ಯಾರೂ ಇಲ್ಲ, ಅವಳ ಬದಲು ನಿಲ್ಲಲು ಯಾರೂ ಇಲ್ಲ, ಅವಳನ್ನು ಕೊಂದರೆ ಕೇಳಲೂ ಯಾರೂ ಇಲ್ಲ. ಅಪ್ಪ? ಅಪ್ಪ ಎಂದರೆ ನಮ್ಮಲ್ಲಿ ಪ್ರೀತಿಯ ನೆಂಟ. ಅವನ ಬಳಿ ಬೇರೆ. ಮಗು ಯಾರದು ಎಂದು ಕೇಳಿದರೆ ಎದ್ದು ನಿಲ್ಲುವವನು ತಾಯಿಯ ಅಣ್ಣ.

ಈ ರಕ್ತದ ಕಟ್ಟಳೆಯನ್ನೇ ಅಳಿಸಿಹಾಕಬೇಕೆಂದು ಕೆಳನಾಡಿನ ನಮ್ಮ ದೊಡ್ಡವರೇ ಆಗಲೇ ಮಾತಾಡುತ್ತಿದ್ದರಂತೆ. ಮುಂದೆ ಅಳಿಸಿಯೂ ಅಳಿಸಿದರು. ಅಳಿಸುವವರು ಒಂದೆರಡು ವರ್ಷ ಮೊದಲೇ ಅಳಿಸಿದ್ದರೆ ಅವರ ಗಂಟೇನು ಹೋಗುತ್ತಿತ್ತೋ!

ಸತ್ತವನು ತೋಳದ ಬಳಿಯವನು. ಅವನ ತಾಯಿ ಉಲೂಚಾ ಆ ಬಳಿಯ ಹಿರಿಯಳು. ಅಣ್ಣ ತವೋದಿ, ಕನೂನನ ಜೊತೆ ಹೊಳೆಯಲ್ಲಿ ಈಜಿ ಬೆಳೆದ ಗೆಳೆಯ. ಏಳು ದಿನ ಸೂತಕ. ಏಳನೆಯ ದಿನ ಎರಡೂ ಕಡೆಯವರು ಚಾವಡಿಯಲ್ಲಿ ಕೂರಬೇಕು. ಯಾರೂ ಬಂದು ಕೂರದಿದ್ದರೆ ಮರುದಿನ ಬೆಳಿಗ್ಗೆ ಅಣ್ಣ ಬಂದೂಕು ಹಿಡಿಯಬೇಕು.

ಎರಡನೆಯ ದಿನವೇ ತವೋದಿ ಬಂದ. ಹೊಲದಂಚಿನ ಅಕ್ರೋಟಿನ ಮರದ ಕೆಳಗೆ ಕೂತ. ಸುಮ್ಮನೆ ಕೂತ. ಮಧ್ಯಾಹ್ನ ಎದ್ದು ಮನೆಬಾಗಿಲಿಗೆ ಬಂದ. ನಮ್ಮ ಯಾವ ಮನೆಯಲ್ಲಾದರೂ ಬಾಗಿಲ ಪಕ್ಕ ಹುಳಿ ಅಂಬಲಿಯ ಮಡಕೆ ಇರುತ್ತದೆ, ಬಂದವರು ಯಾರೇ ಆಗಲಿ ಕೊಡಬೇಕು. ಕೆಜಾಯ ಸೋರೆ ಬುರುಡೆಯಲ್ಲಿ ತುಂಬಿ ಕೊಟ್ಟಳು.

"ಅಂಬಲಿ ಚೆನ್ನಾಗಿದೆ ಅತ್ತಿಗೆ," ಎಂದ ತವೋದಿ.

"ಅವಳಿಗೆ ಈಜು ಕಲಿಸಿದ್ದು ನೀನು."

"ಹೌದು. ಮೀನಿಗಿಂತ ಚೆನ್ನಾಗಿ ಈಜ್ತಾಳೆ."

"ಅಂಥವಳ ಮೇಲೆ ಕೈ ಎತ್ತೋಕೆ ಬರುತ್ತಾ ನಿನಗೆ?"

ತವೋದಿ ಒಂದು ಗುಟುಕು ಕುಡಿದ. "ಬರಲ್ಲ. ಆದ್ರೂ ಎತ್ಬೇಕು. ಎತ್ತದೆ ಇದ್ರೆ ನನ್ನ ತಮ್ಮ ಕತ್ತಲ ನಾಡಿಗೆ ದಾರಿ ಸಿಗ್ದೆ ನಮ್ಮನೆ ಸುತ್ತಾನೇ ಅಲೀತಾನೆ. ನಮ್ಮವ್ವ ನನ್ನ ಮುಖ ನೋಡಲ್ಲ." ಉಳಿದದ್ದನ್ನು ಕುಡಿದು ಬಾಯಿ ಒರೆಸಿಕೊಂಡ. "ಏಳು ದಿನ ಕಳೆದ್ಮೇಲೆ ನಿಮ್ಮನೆ ಅಂಬಲಿ ಕುಡಿಯೋಕೆ ನನಗೆ ಮುಖ ಇರಲ್ಲ. ಅದಕ್ಕೇ ಈಗ್ಲೇ ಬರ್ತಿದೀನಿ."

ಹೇಳಿ ಮತ್ತೆ ಮರದ ಕೆಳಗೆ ಹೋಗಿ ಕೂತ. ಮರುದಿನವೂ ಬಂದ, ಅದರ ಮರುದಿನವೂ ಬಂದ. ಕೆಜಾಯ ನೀರಿಗೆ ಹೋದರೆ ಬೇರೆ ಹೆಂಗಸರು ಕೊಡ ಎತ್ತಿಕೊಂಡು ಎದ್ದು ಹೋಗುತ್ತಿದ್ದರು. ಸಿಟ್ಟಿನಿಂದಲ್ಲ. ಸಾವು ಕಾದಿರುವ ಮನೆಯವರ ಪಕ್ಕದಲ್ಲಿ ನಿಂತು ಏನು ಮಾತಾಡುವುದೆಂದು ಅವರಿಗೂ ತಿಳಿಯುತ್ತಿರಲಿಲ್ಲ. ಸಲೋಲಿ ಮನೆಯೊಳಗಿನ ಮೂಲೆ ಬಿಟ್ಟು ಏಳುತ್ತಿರಲಿಲ್ಲ. ಗೋಡೆಯ ಸಂದಿಯಿಂದ ಮರದ ಕೆಳಗಿನವನನ್ನು ನೋಡುತ್ತ ಕೂರುತ್ತಿದ್ದಳು.

"ಓಡಿಹೋಗೋಣ," ಎಂದಳು ಕೆಜಾಯ ಗಂಡನಿಗೆ. "ಹೊಳೆ ಆಚೆಗೆ. ನಮ್ಮವರ ಕಡೆಗೆ."

ಕನೂನ ಕುದುರೆಯ ಹಗ್ಗ ಹೊಸೆಯುತ್ತಿದ್ದ. "ನಿಮ್ಮವರು ನಿನ್ನ ಒಳಗೆ ಕರ್ಕೋತಾರೆ. ಅವಳನ್ನ?"

"ಮಗು ಅಂತ ಹೇಳ್ತೀನಿ. ನನ್ನ ಮಗು ಅಂತ."

"ಅವಳ ಮುಖ ನೋಡಿ ಏನಂತಾರೆ ಅಂತ ನಿನಗೆ ಗೊತ್ತು, ನನಗೆ ಗೊತ್ತು. ಅಲ್ಲದೆ ತವೋದಿ ಬಂಡೆ ಮೇಲೆ ಹೋದ ಹಾವಿನ ಜಾಡು ಹಿಡಿಯೋನು. ಸುಮ್ನೆ ಕೂತಿದಾನೆ ಅಂದ್ಕೊಂಡ್ಯಾ? ಕಾಯ್ತಾ ಇದಾನೆ."

ಇಷ್ಟರಲ್ಲಿ ಅಯಸ್ತಾ ಕೋಲೂರಿಕೊಂಡು ಮನೆಮನೆ ತಿರುಗುತ್ತಿದ್ದಳು. ಅವಳ ಲೆಕ್ಕ ಸರಳವಾಗಿತ್ತು. ಯಾವುದಾದರೂ ಬಳಿ ಕೆಜಾಯಳನ್ನು ಮಗಳೆಂದು ಸೇರಿಸಿಕೊಂಡರೆ ಸಲೋಲಿಗೂ ಅದೇ ಬಳಿಯಾಗುತ್ತದೆ, ಅವರ ಹಿರಿಯರು ತೋಳದವರ ಎದುರು ಕೂತು ಮಾತಾಡಬಹುದು. ಹಕ್ಕಿ ಬಳಿಯವರು ಕೂರಿಸಿ ಕಡುಬು ಕೊಟ್ಟು ಇಲ್ಲ ಎಂದರು. ಉದ್ದಗೂದಲ ಬಳಿಯವರು ನೋಡೋಣ ಎಂದರು, ಅಂದರೆ ಇಲ್ಲ. ಉಳಿದ ಮೂರು ಬಳಿಯವರೂ ನೆಲ ನೋಡಿದರು. ಅವರದು ತಪ್ಪಲ್ಲ. ಸೇರಿಸಿಕೊಂಡವರ ತಲೆಗೆ ಹೊಣೆಯೂ ಬರುತ್ತದೆ. ಯಾರ ಮಗನೋ ಸಾಯಬೇಕಾಗಬಹುದು. ಕಂಡವರ ಮನೆಯ ಬೆಂಕಿಯನ್ನು ಯಾರು ಮಡಿಲಲ್ಲಿ ಕಟ್ಟಿಕೊಳ್ಳುತ್ತಾರೆ?

ಐದನೆಯ ದಿನ ಸಂಜೆ ಅಯಸ್ತಾ ಬಂದು ಕುಕ್ಕರಿಸಿದಳು. ಕೆಜಾಯ ಅವಳ ಮಂಡಿಗೆ ಕರಡಿಯ ಕೊಬ್ಬು ತಿಕ್ಕತೊಡಗಿದಳು.

"ಯಾರೂ ಒಪ್ಪಲಿಲ್ಲ," ಎಂದಳು ಅಯಸ್ತಾ. "ಒಂದೇ ಬಳಿ ಉಳಿದಿದೆ. ಜಿಂಕೆ. ನಮ್ದು. ನಮ್ಮೋರನ್ನ ಕೇಳ್ದೆ. ನಾನು ಕೈ ಹಿಡಿದು ಕರ್ಕೊಂಡು ಬಂದ್ರೆ ಬೇಡ ಅನ್ನಲ್ಲ ಅಂದ್ರು."

ಕೆಜಾಯಳ ಕೈ ನಿಂತಿತು. "ಅತ್ತೇ! ಮತ್ತೆ ಐದು ದಿನದಿಂದ ಊರೆಲ್ಲ ಯಾಕೆ ಅಲೆದ್ರಿ? ಮೊದ್ಲೇ ಹೇಳೋದಲ್ವಾ?"

ಮುದುಕಿ ಸೊಸೆಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು. "ನಿನ್ನ ಗಂಡ ಯಾರ ಮಗ?"

"ನಿಮ್ಮ ಮಗ."

"ಹಂಗಾದ್ರೆ ಅವನದು ಯಾವ ಬಳಿ?"

ಕೆಜಾಯಳಿಗೆ ಆಗ ಹೊಳೆಯಿತು, ಅವನದೂ ಜಿಂಕೆ. ಅಯಸ್ತಾ ಅವಳನ್ನು ಮಗಳೆಂದು ಕರೆದ ಗಳಿಗೆಯಿಂದ ಅವಳು ಕನೂನನ ತಂಗಿ. ಒಂದೇ ಬಳಿಯ ಹೆಣ್ಣುಗಂಡು ಒಂದೇ ಕಂಬಳಿಯ ಕೆಳಗೆ ಮಲಗುವುದಕ್ಕಿಂತ ಹೇಸಿಗೆ ನಮ್ಮಲ್ಲಿ ಇನ್ನೊಂದಿಲ್ಲ. ಇದಕ್ಕೇ ಮುದುಕಿ ಐದು ದಿನ ಕಾಲು ಸವೆಸಿದ್ದು.

"ಹದಿನಾಲ್ಕು ವರ್ಷ," ಎಂದಳು ಕೆಜಾಯ. "ಅತ್ತೆ, ಹದಿನಾಲ್ಕು ವರ್ಷ ಬಾಳಿದೀನಿ ಅವನ ಜೊತೆ."

"ಗೊತ್ತು ಕಣೇ. ನಾನೇ ನೋಡಿದೀನಲ್ಲ. ಮಗು ಬೇಕಾ, ಗಂಡ ಬೇಕಾ, ನೀನೇ ಹೇಳು. ನನ್ನ ಬಾಯಿಂದ ಹೇಳಿಸ್ಬೇಡ."

ಕನೂನ ಬಾಗಿಲಲ್ಲಿ ನಿಂತಿದ್ದ. ಯಾವಾಗ ಬಂದನೋ. "ಇದರಲ್ಲಿ ಕೇಳೋದೇನಿದೆ ಅವ್ವ? ನಾಳೆ ಬೆಳಿಗ್ಗೆನೇ ಮಾಡಿಬಿಡು," ಎಂದ. ಅಷ್ಟು ಬೇಗ ಒಪ್ಪಿದನಲ್ಲ ಎಂದು ಕೆಜಾಯ ನೊಂದಳು. ತನ್ನನ್ನು ಬಿಡುವುದು ಇವನಿಗೆ ಇಷ್ಟು ಹಗುರವಾಯಿತೇ ಎಂದುಕೊಂಡಳು. ಪಾಪ, ಅವಳಿಗೆ ಅದಕ್ಕಿಂತ ಹೆಚ್ಚು ತೋಚಲಿಲ್ಲ.

ಆರನೆಯ ದಿನ ಬಿಸಿಲೇರಿದ ಮೇಲೆ ಚಾವಡಿ ತುಂಬಿತು. ಮದುವೆಯ ದಿನ ಇಬ್ಬರ ಮೇಲೂ ಹೊದಿಸಿದ್ದ ಕಂಬಳಿಯನ್ನು ಅಯಸ್ತಾ ಎಲ್ಲರ ಮುಂದೆ ಬಿಡಿಸಿ ಹಿಡಿದು ಚಾಕುವಿನಿಂದ ನಡುವೆ ಸೀಳಿದಳು. ದಪ್ಪ ಉಣ್ಣೆ, ಬೇಗ ಸೀಳಲಿಲ್ಲ. ಆ ಸದ್ದು ಕೇಳಲಾಗದೆ ಕೆಜಾಯ ಕಣ್ಣು ಮುಚ್ಚಿಕೊಂಡಳು. ಅರ್ಧ ಅವಳ ತೋಳಿನ ಮೇಲೆ, ಅರ್ಧ ಕನೂನನ ತೋಳಿನ ಮೇಲೆ. ಆಮೇಲೆ ಅಯಸ್ತಾ ಬಾಗಿಲ ಬಳಿಯ ಚಾಪೆಯಿಂದ ತಾಯಿ ಮಗಳಿಬ್ಬರನ್ನೂ ಎಬ್ಬಿಸಿ, ಕೈ ಹಿಡಿದು ಬೆಂಕಿಯ ಸುತ್ತ ನಡೆಸಿ, ಜಿಂಕೆ ಬಳಿಯ ಜಗಲಿಯ ಮೇಲೆ ಕೂರಿಸಿದಳು. "ಇವಳು ನನ್ನ ಮಗಳು. ಇದು ನನ್ನ ಮಗಳ ಮಗಳು. ಕೇಳಿಸ್ಕೊಂಡ್ರಾ?"

"ಕೇಳಿಸ್ಕೊಂಡ್ವಿ," ಎಂದಿತು ಚಾವಡಿ.

ಸಲೋಲಿ ಜಗಲಿಯಿಂದ ಕಾಲು ಇಳಿಬಿಟ್ಟು ಕೂತು ಸುತ್ತಲೂ ನೋಡಿದಳು. ಹುಟ್ಟಿದಾಗಿನಿಂದ ಆಸೆಪಟ್ಟ ಜಾಗ. ಆರು ದಿನದಲ್ಲಿ ಮೊದಲ ಸಲ ಮಗುವಿನ ಮುಖ ಸಡಿಲವಾಯಿತು. ಅದನ್ನು ನೋಡಿ ಕೆಜಾಯ ತನ್ನ ದುಃಖ ನುಂಗಿಕೊಂಡಳು. ಕನೂನ ತನ್ನ ಅರ್ಧ ಕಂಬಳಿ ಹೆಗಲಿಗೆ ಹಾಕಿಕೊಂಡು ಚಾವಡಿಯಲ್ಲೇ ಉಳಿದ, ಮನೆಗೆ ಬರಲಿಲ್ಲ.

ಏಳನೆಯ ದಿನ ಎರಡು ಬಳಿಯ ಹಿರಿಯರು ಎದುರೆದುರು ಕೂತರು. ಜಿಂಕೆಯವರು ಕೊಡಬಹುದಾದ್ದನ್ನೆಲ್ಲ ತಂದು ರಾಶಿ ಹಾಕಿದ್ದರು. ತೊಗಲಿನ ಕಟ್ಟು, ತಾಮ್ರದ ಹಂಡೆ, ಕೆಂಪು ಬಟ್ಟೆಯ ಸುರುಳಿ. ಹೊರಗೆ ಕನೂನನ ಐದು ಕುದುರೆ ಕಟ್ಟಿದ್ದವು. ಅಯಸ್ತಾ ತಾನೇ ಎದ್ದು ಉಲೂಚಾಳ ಮುಂದೆ ಮಂಡಿಯೂರಿದಳು. ಆ ಮಂಡಿಯಲ್ಲಿ!

"ಉಲೂಚಾ, ಮಗು ಕೈ ತಪ್ಪಿದೆ. ನಿನ್ನ ಮಗನ್ನ ವಾಪಸ್ ತರೋಕೆ ನನ್ನಿಂದಾಗಲ್ಲ. ಇದರಿಂದ ಅವನ ಹೆಣ ಮುಚ್ಚು, ನಿನ್ನ ಕಣ್ಣೀರು ಒರೆಸ್ಕೊ."

ಉಲೂಚಾ ಏಳು ದಿನದಿಂದ ಉಂಡಿರಲಿಲ್ಲ, ತಲೆ ಬಾಚಿರಲಿಲ್ಲ. ಬಹಳ ಹೊತ್ತು ಬಟ್ಟೆಯನ್ನೇ ನೋಡಿದಳು. ಆಮೇಲೆ ಕೈ ನಿಧಾನವಾಗಿ ಮುಂದೆ ಬಂತು. ಮುಟ್ಟಿದರೆ ಮುಗಿಯಿತು.

ತೋಳದವರ ಸಾಲಿನಿಂದ ಯಾವನೋ ಗೊಣಗಿದ. "ಕಾಗೆಗೂ ಮನುಷ್ಯನಿಗೂ ವ್ಯತ್ಯಾಸ ಕಾಣ್ದೇ ಇರೋ ಕಣ್ಣು ಎಂಥ ಕಣ್ಣೋ. ಬಿಳಿಯವಳ ಮಗಳಲ್ವಾ."

ದುಃಖದವರ ಕಡೆಯಿಂದ ಇಂಥ ಕೊಂಕು ಬಂದೇ ಬರುತ್ತದೆ, ಕೇಳಿಸಿಕೊಂಡು ಸುಮ್ಮನಿರಬೇಕು. ಕೆಜಾಯಳಿಗೂ ಗೊತ್ತಿತ್ತು. ಆದರೆ ಏಳು ದಿನದಿಂದ ಕಟ್ಟಿಟ್ಟಿದ್ದದ್ದು ಅವಳ ಬಾಯಿಂದ ಸಿಡಿದೇಬಿಟ್ಟಿತು. ಅವಳು ಹುಟ್ಟಿದ ನಾಡಿನಲ್ಲಿ ನಿಜ ಹೇಳಿದವನು ಕಟಕಟೆಯಿಂದ ಬಿಡುಗಡೆಯಾಗಿ ಬರುತ್ತಾನೆ. ರಕ್ತದಲ್ಲಿ ಬಂದದ್ದು ಹದಿನಾಲ್ಕು ವರ್ಷಕ್ಕೆ ಹೋಗುತ್ತದೆಯೇ?

"ಕಾಣೋ ಹಾಗೆ ಬಂದಿದ್ರೆ ತಾನೆ ಕಾಣೋದು!" ಎಂದು ಎದ್ದು ನಿಂತಳು. "ಕದ್ದು ಕೂತು ಹೊಸ ತೆನೆ ತಿಂತಿದ್ದ! ಕೈಯಲ್ಲೇ ಇತ್ತು, ನಾನೇ ನೋಡಿದೀನಿ!"

ಆಡಿದ ಮಾತು ವಾಪಸು ಬರುವುದಿಲ್ಲ. ಚಾವಡಿಯಲ್ಲಿದ್ದ ಒಬ್ಬರಿಗೂ ಅದು ಹೊಸ ಸುದ್ದಿಯಾಗಿರಲಿಲ್ಲ, ಉಲೂಚಾಳಿಗೂ ಅಲ್ಲ. ಆದರೂ ಎಲ್ಲರೂ ತಲೆ ತಗ್ಗಿಸಿದರು. ಅಯಸ್ತಾ "ಅಯ್ಯೋ ನನ್ನ ಮಗಳೇ" ಎಂದು ಮಂಡಿಯೂರಿದಲ್ಲೇ ಕುಸಿದಳು. ಉಲೂಚಾಳ ಕೈ ಹಿಂದಕ್ಕೆ ಹೋಯಿತು.

"ನನ್ನ ಮಗನ್ನ ಎರಡು ಸಲ ಸಾಯಿಸಿದ್ರಿ," ಎಂದಳು. ದನಿ ಏರಿರಲಿಲ್ಲ. "ಬಟ್ಟೆ ಬೇಡ, ಕುದುರೆ ಬೇಡ. ಉಪ್ಪು ತಿಂದೋರು ನೀರು ಕುಡೀಬೇಕು. ಜಿಂಕೆಯವರು ಒಂದು ಜೀವ ಕೊಡ್ಲಿ."

ಕೆಜಾಯ ಮಗಳನ್ನು ಎದೆಗೆ ಒತ್ತಿಕೊಂಡಳು. ತಾನೇ ತನ್ನ ಬಾಯಿಂದಲೇ ಮಗಳನ್ನು ಕೊಂದೆನಲ್ಲ ಎಂದುಕೊಂಡಳು. ಎದುರಿನ ಸಾಲಿನಲ್ಲಿ ತವೋದಿ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದ.

ಆಗ ಕನೂನ ಎದ್ದ.

"ಈ ಹುಡುಗಿ ನನ್ನ ತಂಗಿ ಮಗಳು," ಎಂದ. ಚಾವಡಿಗೆಲ್ಲ ಕೇಳುವ ಹಾಗೆ ಹೇಳಿದ. "ನಾನು ಇವಳ ಸೋದರಮಾವ. ಜಿಂಕೆಯವರ ಹೊಣೆ ನನ್ನ ಹೊಣೆ. ಬದಲಿಗೆ ನಾನಿದೀನಿ, ತಗೊಳ್ಳಿ."

ಅಯಸ್ತಾಳ ಬಾಯಿಂದ ಬಂದದ್ದು ಮಾತಲ್ಲ. ಊರೆಲ್ಲ ತಿರುಗಿ, ಎಲ್ಲ ಬಳಿಯ ಲೆಕ್ಕ ಹಾಕಿದ ಮುದುಕಿಗೆ ತಾನೂ ಒಬ್ಬ ಜಿಂಕೆ ಬಳಿಯ ಗಂಡಸಿನ ತಾಯಿ ಎಂಬುದು ಮಾತ್ರ ಲೆಕ್ಕಕ್ಕೆ ಬಂದಿರಲಿಲ್ಲ. ಬಟ್ಟೆಗೇ ಮುಗಿಯುತ್ತದೆಂದು ನಂಬಿಬಿಟ್ಟಿದ್ದಳು. "ಅವ್ವ, ಕೂತ್ಕೊ," ಎಂದು ಕನೂನ ಅವಳನ್ನು ಎತ್ತಿ ಜಗಲಿಗೆ ಒರಗಿಸಿದ.

ಉಲೂಚಾ ಅವನನ್ನು ನೋಡಿದಳು. ಅವಳ ಅಂಗಳದಲ್ಲೂ ಆಡಿ ಬೆಳೆದವನು. "ಜಿಂಕೆಯವರು ಕೊಟ್ಟಿದಾರೆ. ತೋಳದವರು ತಗೊಂಡ್ವಿ," ಎಂದು ಎದ್ದು ಹೋದಳು.

ಆ ಮಧ್ಯಾಹ್ನ ಕನೂನ ಮನೆಗೆ ಬಂದ. ಅಣ್ಣ ತಂಗಿಯ ಮನೆಗೆ ಬರಬಹುದು, ಕೂತು ಉಣ್ಣಬಹುದು. ಕೆಜಾಯ ಬಡಿಸಿದಳು. ನಡುವೆ ಅಯಸ್ತಾ ಕೂತಿದ್ದಳು. ಮುಟ್ಟುವಂತಿರಲಿಲ್ಲ.

"ನಿನಗೆ ಮೊದ್ಲೇ ಗೊತ್ತಿತ್ತು," ಎಂದಳು ಕೆಜಾಯ. "ಕಂಬಳಿ ಸೀಳೋವಾಗ್ಲೇ ಗೊತ್ತಿತ್ತು ನಿನಗೆ."

"ಉಲೂಚಾ ಬಟ್ಟೆ ತಗೋಬಹುದು ಅಂತಾನೂ ಇತ್ತು. ತಗೊಳ್ದೆ ಹೋದ್ರೆ ಅಂತಾನೂ ಇತ್ತು." ಕನೂನ ಕಡುಬಿಗೆ ಸುತ್ತಿದ್ದ ಜೋಳದ ಸಿಪ್ಪೆ ಬಿಡಿಸಿದ. "ಮೊದಲನೇ ದಿನಾನೇ ತವೋದಿ ಹತ್ರ ಹೋಗಿದ್ದೆ, ನನ್ನೇ ಹೊಡಿ ಮಾರಾಯ ಅಂತ. ಅವನು ಅತ್ತ. ನೀನು ಅಪ್ಪ ಕಣೋ ಕಪ್ಪೆ, ನಿನ್ನ ಹೊಡೆದ್ರೆ ಅದು ಇನ್ನೊಂದು ಕೊಲೆ ಆಗುತ್ತೆ, ಹುಡುಗಿ ಹೊಣೆ ಹಂಗೇ ಉಳಿಯುತ್ತೆ ಅಂದ. ಅಪ್ಪನಾಗಿ ಇಲ್ಲಿ ನನ್ನ ಜೀವಕ್ಕೆ ಬೆಲೆ ಇರಲಿಲ್ಲ. ಈಗ ಬಂತು."

"ನಾನು ಬಾಯಿ ಮುಚ್ಕೊಂಡಿದ್ರೆ ನೀನು ಬದುಕ್ತಿದ್ದೆ."

"ಹೂಂ," ಎಂದ ಕನೂನ. ಸುಳ್ಳು ಹೇಳುವ ಗಂಡಸಲ್ಲ ಅವನು. "ನಾನು ಕುದುರೆ ಮಾರೋಕೆ ಬರ್ದೇ ಇದ್ದಿದ್ರೂ ಬದುಕ್ತಿದ್ದೆ. ಇನ್ನೂ ಸ್ವಲ್ಪ ಹುರುಳಿ ಹಾಕು ತಂಗಿ."

ತಂಗಿ ಎಂದು ಕರೆದ. ಕೆಜಾಯ ಹುರುಳಿ ಬಡಿಸಿದಳು. ಅವಳ ಕಣ್ಣೀರು ಅವನ ಬೋಗುಣಿಗೆ ಬಿತ್ತು, ಅವನು ಹಾಗೇ ಉಂಡ.

ಎಂಟನೆಯ ಬೆಳಿಗ್ಗೆ ಊರಿನ ಎಲ್ಲರಂತೆ ಕನೂನ ಹೊಳೆಗೆ ಇಳಿದ. ಮೂಡಣಕ್ಕೆ ಮುಖ ಮಾಡಿ ಏಳು ಮುಳುಗು ಹಾಕಿದ. ದಡದಲ್ಲಿ ತವೋದಿ ಬಂದೂಕು ಹಿಡಿದು ನಿಂತಿದ್ದ. ಎರಡು ಬಳಿಯವರೂ ಸಾಲಾಗಿ ನಿಂತಿದ್ದರು, ನೋಡಲೇಬೇಕಿತ್ತು. ನೀರಿನಿಂದ ಮೇಲೆ ಬಂದ ಕನೂನ ಒದ್ದೆ ಮುಖ ಒರೆಸಿಕೊಂಡು, "ಹತ್ರ ಬಾರೋ. ನಿನ್ನ ಗುರಿ ಚಿಕ್ಕಂದಿನಿಂದ್ಲೂ ಅಷ್ಟಕ್ಕಷ್ಟೆ," ಎಂದ. ತವೋದಿಗೆ ನಗು ಬಂತು. ನಗುತ್ತ, ಅಳುತ್ತ ಹತ್ತಿರ ಹೋದ.

ಕೆಜಾಯ ಮಗಳ ಮುಖವನ್ನು ತನ್ನ ಎದೆಗೆ ಒತ್ತಿ ಹಿಡಿದಿದ್ದಳು. ಗುಂಡಿನ ಸದ್ದಿಗೆ ಆ ಪುಟ್ಟ ಮೈ ಒಮ್ಮೆ ನಡುಗಿತು. ಕೆಜಾಯಳ ಇನ್ನೊಂದು ಕೈ ತಾನಾಗಿಯೇ ತನ್ನ ಜಡೆಗೆ ಹೋಯಿತು. ಗಂಡ ಸತ್ತವಳು ಕೂದಲು ಬಿಚ್ಚಿ ಹರಡಬೇಕು, ವರ್ಷವಿಡೀ ಹಾಗೇ ಇರಬೇಕು. ಅಯಸ್ತಾ ಆ ಕೈಯನ್ನು ಹಿಡಿದು ಕೆಳಗಿಳಿಸಿದಳು. "ನೀನು ತಂಗಿ," ಎಂದು ಪಿಸುಗುಟ್ಟಿದಳು. ತನ್ನ ಮಗ ಬಿದ್ದಿರುವಾಗ ಅದನ್ನು ಹೇಳುವ ಗಟ್ಟಿತನ ಆ ಮುದುಕಿಗೆ ಎಲ್ಲಿಂದ ಬಂತೋ.

ಉಲೂಚಾ ಇನ್ನೂ ಹೋಗಿರಲಿಲ್ಲ. ಲೋಕದೆದುರು ಕೇಳಿ ಮುಗಿಸುವುದು ಪದ್ಧತಿ. ಅವಳು ಸಲೋಲಿಯ ಮುಂದೆ ಬಂದು ನಿಂತಳು. ಹದಿಮೂರು ವರ್ಷದ ಕೂಸು. ಅಪ್ಪ ಎಂಬ ಒಂದು ಮಾತು ಈ ಬಾಯಿಂದ ಬಂದರೆ ಕನೂನ ಸುಮ್ಮನೆ ಸತ್ತಂತೆ, ತವೋದಿ ಮತ್ತೆ ಮದ್ದು ತುಂಬಬೇಕಾಗುತ್ತದೆ. ಹೇಳಿಕೊಡಲು ಯಾರೂ ಬಾಯಿ ತೆರೆಯುವಂತಿರಲಿಲ್ಲ.

"ಹೇಳು ಮಗು," ಎಂದಳು ಉಲೂಚಾ. "ಅಲ್ಲಿ ಬಿದ್ದಿರೋನು ನಿನಗೆ ಏನಾಗ್ಬೇಕು?"

ಸಲೋಲಿ ತಾಯಿಯ ಎದೆಯಿಂದ ಮುಖ ಬಿಡಿಸಿಕೊಂಡಳು. ದಡದ ಕಡೆ ನೋಡಿದಳು. ನೀರು ಅವನ ಕಾಲಿಗೆ ತಾಗುತ್ತಿತ್ತು.

"ಮಾವ," ಎಂದಳು. "ನನ್ನ ಅಮ್ಮನ ಅಣ್ಣ."

ಉಲೂಚಾ ತಲೆದೂಗಿದಳು. ತೋಳದವರು ಒಬ್ಬೊಬ್ಬರಾಗಿ ದಿಬ್ಬ ಹತ್ತಿ ಹೋದರು. ಜಿಂಕೆಯವರು ಕನೂನನನ್ನು ಎತ್ತಿಕೊಂಡರು.

ಅಂದಿನಿಂದ ಸಲೋಲಿಯ ಮಕ್ಕಳು ಜಿಂಕೆಯವರು, ಅವಳ ಹೆಣ್ಣುಮಕ್ಕಳ ಮಕ್ಕಳು ಜಿಂಕೆಯವರು, ನಾವೆಲ್ಲ ಜಿಂಕೆಯವರು. ಆವತ್ತು ಹೊಳೆಯಿಂದ ಮನೆಗೆ ಬರುವ ದಾರಿಯಲ್ಲಿ, ಜೋಳದ ಹೊಲ ದಾಟುವಾಗ, ಹುಡುಗಿ ತಾಯಿಯ ಕೈ ಜಗ್ಗಿದಳು.

"ಅಮ್ಮ, ಸರಿಯಾಗಿ ಹೇಳ್ದೆ ಅಲ್ವಾ?"

"ಸರಿಯಾಗಿ ಹೇಳ್ದೆ ಮಗಳೇ," ಎಂದಳು ಕೆಜಾಯ.